ಹನ್ನೆರಡನೆಯ ರೊಟ್ಟಿ

ಮೊನ್ನೆ ಸಂಜೆ ಹೆಂಚಿನ ಮೇಲೆ ರೊಟ್ಟಿ ಹಾಕಿ, ಬಾಗಿಲಿಗೆ ಬಂದ ಗ್ಯಾಸಿನವನ ಜೊತೆ ಜಗಳಕ್ಕೆ ನಿಂತೆ. ಅವನನ್ನು ಸೋಲಿಸಿ ಒಳಗೆ ಬರುವಷ್ಟರಲ್ಲಿ ರೊಟ್ಟಿ ಸೀದು ಮನೆಯೆಲ್ಲ ವಾಸನೆ. ಜೋಳದ ರೊಟ್ಟಿ ಸೀಯುವಾಗ ಮೊದಮೊದಲು ಹಿತವಾಗಿಯೇ ಇರುತ್ತದೆ, ಆಮೇಲೆ ಗಂಟಲು ಹಿಡಿದುಕೊಳ್ಳುತ್ತದೆ. ಹೊಗೆ ಹೋಗಲಿ ಎಂದು ಅಡುಗೆಮನೆಯ ಕಿಟಕಿ ತೆಗೆದೆ. ಈಚೆಗೆ ನಾನು ಆ ಕಿಟಕಿ ತೆಗೆಯುವುದೇ ಕಡಿಮೆ. ತೆಗೆದರೆ ಎದುರಿಗೆ ಕಾಣುವುದು ಇಟ್ಟಂಗಿಯ ಗೋಡೆ. ಅಲ್ಲೂ ಒಂದು ಕಿಟಕಿ ಇತ್ತು, ಆ ಕಿಟಕಿಯಲ್ಲಿ ಭಾಭಿ ಇದ್ದರು…

ಶಹಾಪುರದ ಹಳೇ ಓಣಿಗಳು ನಿಮಗೆ ಗೊತ್ತಿದ್ದರೆ ಹೇಳಬೇಕಾಗಿಲ್ಲ. ನಮ್ಮ ಅಡುಗೆಮನೆಗೂ ಅವರ ಅಡುಗೆಮನೆಗೂ ನಡುವೆ ಒಂದು ಸಂದಿ, ಅಷ್ಟೇ. ಇಬ್ಬರೂ ಕೈ ಚಾಚಿದರೆ ಬೆರಳು ಮುಟ್ಟುತ್ತಿದ್ದವು. ಕರಿಬೇವು, ಬೆಂಕಿಪೆಟ್ಟಿಗೆ, ಓಣಿಯ ಸುದ್ದಿ ಎಲ್ಲ ಆ ಸಂದಿಯ ಮೇಲಿಂದಲೇ ದಾಟುತ್ತಿತ್ತು. ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರು. ಆದರೂ ಇಡೀ ಓಣಿಗೆ ಭಾಭಿಯಾದವರು ನನಗೂ ಭಾಭಿಯೇ ಆದರು.

ಅವರು ಕರಾಚಿಯವರು. ಅವರ ತಾಯಿ ಮಾತ್ರ ನಮ್ಮ ಸುರಪುರದ ಹೆಣ್ಣುಮಗಳು. ಮದುವೆಯಾಗಿ ಅಷ್ಟು ದೂರ ಹೋದ ಆ ತಾಯಿ, ತನ್ನ ಮಗಳನ್ನು ತವರಿಗೇ ವಾಪಸ್ ಕೊಟ್ಟರು, ಶಹಾಪುರದಲ್ಲಿದ್ದ ಅಣ್ಣನ ಮಗನಿಗೆ. ಆ ಭಾಯಿಗೆ ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ನಮ್ಮ ಕಡೆ ಸೋದರಮಾವನ ಮನೆಗೆ ಹೆಣ್ಣು ಕೊಡುವುದು ಹೊಸದೇನಲ್ಲ, ನನ್ನನ್ನೂ ಹಾಗೆಯೇ ಕೊಟ್ಟಿದ್ದಾರೆ. ನಾನು ಇಲ್ಲೇ ಹತ್ತಿರದ ಮುದನಾಳದಿಂದ ಟೆಂಪೋದಲ್ಲಿ ಕೂತು ಬಂದೆ, ಭಾಭಿ ವೀಸಾ ಹಿಡಿದುಕೊಂಡು ಬಂದರು. ಇಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆ. ಆ ಇಷ್ಟರಲ್ಲಿ ಎಷ್ಟೆಲ್ಲ ಇದೆ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾದವು.

ಭಾಭಿ ಶಹಾಪುರದಲ್ಲಿ ಇರಬಹುದಿತ್ತು. ಶಹಾಪುರದಲ್ಲಿ ಮಾತ್ರ. ಊರ ಎಲ್ಲೆ ದಾಟಬೇಕಾದರೆ ಠಾಣೆಗೆ ಅರ್ಜಿ ಕೊಟ್ಟು, ಎಲ್ಲಿಗೆ, ಯಾಕೆ, ಎಷ್ಟು ದಿನ ಎಂದು ಬರೆದು, ಚೀಟಿ ಬರುವವರೆಗೆ ಕಾಯಬೇಕು. ಅವರ ವಾಸದ ಪರವಾನಗಿ ಆಗಾಗ ಹೊಸದು ಮಾಡಿಸಬೇಕು. ಸುರಪುರದಲ್ಲಿ ನಾದಿನಿಯ ಮದುವೆಯಾದಾಗ ಚೀಟಿ ಬಂದದ್ದು ಮದುವೆಯ ಮರುದಿನ. ಮದುವೆಯ ದಿನ ಉಟ್ಟ ರೇಷ್ಮೆ ಸೀರೆಯಲ್ಲೇ ಭಾಭಿ ಕಿಟಕಿಗೆ ಬಂದು, “ಟೀಚರ್, ಹ್ಯಾಂಗ ಕಾಣ್ತೀನ್ರಿ? ಮದಿವಿ ಮನಿಯವ್ರು ನೋಡ್ಲಿಲ್ಲ, ನೀವರ ನೋಡ್ರಿ” ಅಂದರು. ನಾನು ನಕ್ಕೆ. ಅವರೂ ನಕ್ಕರು. ಬಾಗಿಲು ಹಾಕಿಕೊಂಡು ಆಮೇಲೆ ಅತ್ತರೋ ಏನೋ, ನನಗೆ ಗೊತ್ತಿಲ್ಲ.

ನಾನು ಆಗ ಭೀಮರಾಯನಗುಡಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಟೀಚರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಂಜೆ ಕಿಟಕಿಗೆ ಬಂದರೆ ಮೊದಲ ಪ್ರಶ್ನೆ, “ಕಾಲುವಿಗೆ ನೀರು ಬಿಟ್ಟಾರೇನ್ರಿ?” ಅಷ್ಟು ಹತ್ತಿರದ ಕಾಲುವೆಯನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಕಾಲುವೆ ನೋಡುವುದಕ್ಕೆ ಯಾರು ಅರ್ಜಿ ಬರೆಯುತ್ತಾರೆ?

ಭಾರತದ ನಾಗರಿಕಳಾಗಲು ಅರ್ಜಿ ಹಾಕುವಷ್ಟು ವರ್ಷಗಳು ತುಂಬುತ್ತ ಬಂದಾಗ ಯಾರೋ ಭಾಯಿಗೆ ಹೇಳಿದರು, ವಿಚಾರಣೆಯ ದಿನ ದೇಶದ ಬಗ್ಗೆ ಪ್ರಶ್ನೆ ಕೇಳುತ್ತಾರೆ ಎಂದು. ಭಾಭಿಗೆ ನಿದ್ದೆ ಹಾರಿಹೋಯಿತು. ನನಗಂತೂ ಖುಷಿಯೋ ಖುಷಿ. ಪರೀಕ್ಷೆ ಎಂದರೆ ನನಗೆ ಮೊದಲಿಂದಲೂ ಹಬ್ಬ. ಶಾಲೆಯಿಂದ ನಾಗರಿಕ ಶಾಸ್ತ್ರದ ಪಾಠಗಳನ್ನು ತಂದು, ಹತ್ತನೇ ಇಯತ್ತೆಯ ಮಕ್ಕಳಿಗೆ ಮಾಡುವ ಹಾಗೆಯೇ ಒಂದು ಅಂಕದ ಪ್ರಶ್ನೆಗಳ ಪಟ್ಟಿ ಮಾಡಿ, ಪಾಠ ಶುರು ಮಾಡಿಯೇಬಿಟ್ಟೆ. ಸಂಜೆ ಇಬ್ಬರೂ ರೊಟ್ಟಿಗೆ ಕೂಡುವ ಹೊತ್ತೇ ನಮ್ಮ ತರಗತಿ.

ಮೂಲಭೂತ ಕರ್ತವ್ಯಗಳು ಹನ್ನೊಂದು. ಎಷ್ಟು ಹೇಳಿಕೊಟ್ಟರೂ ಐದಾರಕ್ಕೆ ಬಂದು ಭಾಭಿ ಮುಗ್ಗರಿಸುತ್ತಿದ್ದರು. ಒಂದು ದಿನ ತಾವೇ ಒಂದು ದಾರಿ ಕಂಡುಕೊಂಡರು. ಅತ್ತೆ, ಮಾವ, ಮೈದುನರಿದ್ದ ಅವರ ಮನೆಗೆ ರಾತ್ರಿಯೂಟಕ್ಕೆ ಹನ್ನೊಂದು ರೊಟ್ಟಿ ಬೇಕಿತ್ತು. ಒಂದೊಂದು ರೊಟ್ಟಿ ತಟ್ಟುವಾಗ ಒಂದೊಂದು ಕರ್ತವ್ಯ. ಮೊದಲನೆಯದಕ್ಕೆ ಸಂವಿಧಾನ, ರಾಷ್ಟ್ರಧ್ವಜ, ರಾಷ್ಟ್ರಗೀತೆ. ಏಳನೆಯದಕ್ಕೆ ಕಾಡು, ಕೆರೆ, ನದಿ, ಜೀವಿಗಳ ಮೇಲೆ ದಯೆ. ಎಂಟನೆಯದು ವೈಜ್ಞಾನಿಕ ಮನೋಭಾವ. ಅದಕ್ಕೆ ಬರುವಷ್ಟರಲ್ಲಿ ಹಿಟ್ಟು ಆರಿ ರೊಟ್ಟಿ ಹರಿಯುತ್ತಿತ್ತು. “ಇದೊಂದು ನನ್ನ ಕೈಗೆ ಹತ್ತಂಗಿಲ್ಲ ನೋಡ್ರಿ” ಎಂದು ಅದನ್ನು ಮುದ್ದೆ ಮಾಡಿ ಮತ್ತೆ ತಟ್ಟುತ್ತಿದ್ದರು. ಹನ್ನೊಂದನೆಯದು ಮಕ್ಕಳಿಗೆ ವಿದ್ಯೆ ಕೊಡಿಸುವುದು. ಮಕ್ಕಳಿಲ್ಲದ ಭಾಭಿ ಅದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳುತ್ತಿದ್ದರು.

ಪರಾತದಲ್ಲಿ ಉಳಿದ ಹಿಟ್ಟಿಗೆ ಇನ್ನೂ ಒಂದು ರೊಟ್ಟಿಯಾಗುತ್ತಿತ್ತು. ಮೊದಲ ದಿನವೇ ಕೇಳಿದರು, “ಹನ್ನೆರಡನೇದಕ್ಕ ಏನ್ ಹೇಳ್ಲಿ ಟೀಚರ್?”

“ಪುಸ್ತಕದಾಗ ಹನ್ನೊಂದೇ ಅದಾವ ಭಾಭಿ.”

“ಹಂಗಾರ ಇದು ನಿಮಗ. ಕಲಿಸಿದ್ದಕ್ಕ.”

ಬಿಸಿ ರೊಟ್ಟಿಗೆ ಎಣ್ಣೆ, ಶೇಂಗಾ ಹಿಂಡಿ ಸವರಿ ಸಂದಿಯ ಮೇಲಿಂದ ಚಾಚಿದರು. ನನ್ನ ಅತ್ತೆ ಮಡಿ ಹಿಡಿಯುವವರು, ಆದರೂ ನೋಡಿ ನೋಡದ ಹಾಗೆ ದೇವರ ಮನೆಗೆ ಹೋದರು. ಅಂದಿನಿಂದ ದಿನಾ ಹನ್ನೆರಡನೆಯ ರೊಟ್ಟಿ ನನಗೆ.

ಕರ್ತವ್ಯ ಮುಗಿದು ಹಕ್ಕುಗಳಿಗೆ ಬಂದೆವು. ಸ್ವಾತಂತ್ರ್ಯದ ಹಕ್ಕನ್ನು ನಾನು ಗಟ್ಟಿ ದನಿಯಲ್ಲಿ ಓದಿದೆ. ಮಾತಾಡುವ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ದೇಶದ ತುಂಬ ಎಲ್ಲಿ ಬೇಕಾದರೂ ಓಡಾಡುವ ಸ್ವಾತಂತ್ರ್ಯ. ಅತ್ತ ಕಡೆ ರೊಟ್ಟಿ ತಟ್ಟುವ ಸದ್ದು ನಿಂತಿತು. “ಇದು ಇನ್ನಾ ನನಗ ಇಲ್ಲ, ಅಲ್ರಿ?” ನಾನು ಪುಟ ತಿರುಗಿಸಿದೆ. ಇಪ್ಪತ್ತು ವರ್ಷ ಕಲಿಸಿದ ಸಾಲು ಅದು. ಆ ಸಾಲಿನ ಹೊರಗೂ ಜನ ನಿಂತಿರುತ್ತಾರೆ ಎಂದು ಅಂದೇ ನನಗೆ ಗೊತ್ತಾದದ್ದು, ನಾಚಿಕೆಯಾಯಿತು.

ಆಗಲೇ ಕರಾಚಿಯಿಂದ ಫೋನು ಬಂತು. ತಾಯಿ ಹಾಸಿಗೆ ಹಿಡಿದಿದ್ದರು.

ಹೋಗಬಾರದೆಂದು ಯಾರೂ ಭಾಭಿಯನ್ನು ತಡೆದಿರಲಿಲ್ಲ. ಆದರೆ ನಿಯಮ ಹಾಗಿತ್ತು. ಅರ್ಜಿ ಹಾಕುವ ಮುಂಚಿನ ಹನ್ನೆರಡು ತಿಂಗಳು ಈ ನೆಲ ಬಿಟ್ಟು ಕದಲಬಾರದು. ಆ ಕೊನೆಯ ಹನ್ನೆರಡರಲ್ಲಿ ಹತ್ತು ತಿಂಗಳು ಆಗಿದ್ದವು. ಈಗ ಹೋದರೆ ಎಣಿಕೆ ಮತ್ತೆ ಒಂದರಿಂದ ಶುರು, ಮರಳಿ ಬರುವ ವೀಸಾ ಎಂದು ಸಿಗುತ್ತದೋ ಅದೂ ಗೊತ್ತಿಲ್ಲ. ಹೋದರೆ ಈ ಮನೆ ಬಾಗಿಲು ಮುಚ್ಚೀತು, ಇದ್ದರೆ ತಾಯಿಯ ಮುಖ ತಪ್ಪೀತು. ಎರಡು ದಿನ ಭಾಭಿ ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ಓಡಾಡಿದರು. ಮೂರನೆಯ ದಿನ ಕಿಟಕಿಯ ಸರಳು ಹಿಡಿದು ನಿಂತರು.

“ಟೀಚರ್, ನೀವು ಓದಿದವ್ರು. ಹೋಗ್ಲೇನ್ರಿ, ಇರ್ಲೇನ್ರಿ?”

ಕೇಳಿದ್ದು ನನ್ನನ್ನು. ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ನಾನು ಗೊತ್ತಿಲ್ಲ ಎನ್ನುವ ಜಾತಿಯವಳಲ್ಲ. “ಎರಡೇ ತಿಂಗಳದ ಮಾತು ಭಾಭಿ. ಫಾರ್ಮ್ ನಾನೇ ತುಂಬತೀನಿ, ಒಂದು ಅಕ್ಷರ ತಪ್ಪಂಗಿಲ್ಲ. ವಿಚಾರಣಿ ಮುಗೀತಂದ್ರ ಅವತ್ತೇ ಹೊಂಡ್ರಿ” ಅಂದೆ. ಅವರು ಫೋನಿನಲ್ಲಿ ತಾಯಿಗೆ ಎರಡು ತಿಂಗಳು ತಡೆಯಮ್ಮಾ ಎಂದು ಹೇಳುವುದು ನನಗೆ ಕೇಳಿಸುತ್ತಿತ್ತು.

ಎರಡು ತಿಂಗಳು ಕಳೆದವು. ತಾಯಿ ಇನ್ನೂ ಇದ್ದರು. ಒಂದು ಭಾನುವಾರ ಭಾಭಿಯ ಮನೆಯ ಪಡಸಾಲೆಯಲ್ಲಿ ಕೂತು ನಾನು ಅರ್ಜಿ ತುಂಬಿದೆ. ನನ್ನ ಅಕ್ಷರ ಇಡೀ ತಾಲ್ಲೂಕಿಗೆ ಮಾದರಿ ಎಂಬ ಜಂಬ ನನಗೆ. ಹೊಡೆದುಹಾಕದೆ, ತಿದ್ದದೆ, ಒಂದೇ ಉಸಿರಿಗೆ ಎಲ್ಲ ಪುಟ ತುಂಬಿದೆ. ಪ್ರಮಾಣಪತ್ರದ ಒಕ್ಕಣೆಯೂ ನನ್ನದೇ. ಭಾಭಿ ಒಂದೊಂದು ಪುಟವನ್ನೂ ಬೆರಳಿಟ್ಟು ಓದಿ ಸಹಿ ಮಾಡಿದರು. ಒಂದು ಕಡೆ ಬೆರಳು ನಿಂತಿತು. ನನ್ನ ಮುಖ ನೋಡಿದರು. “ಏನು?” ಅಂದೆ. “ಏನಿಲ್ರಿ” ಎಂದು ಸಹಿ ಹಾಕಿದರು.

ವಿಚಾರಣೆಗೆ ಯಾವಾಗ ಕರೆದಾರೋ ಎಂದು ಭಾಭಿ ಕರಾಚಿಗೆ ಹೊರಡಲಿಲ್ಲ, ಕಾದೆವು. ಬಂದದ್ದು ಅರ್ಜಿಯೇ, ಐದು ತಿಂಗಳ ಮೇಲೆ. ಭಾಯಿ ತಂದು ನನ್ನ ಕೈಗೆ ಕೊಟ್ಟರು. ಜಿಲ್ಲೆ ಎಂಬಲ್ಲಿ ಕೆಂಪು ಪೆನ್ಸಿಲಿನ ಸುತ್ತು. ಒಳಗೆ ನನ್ನ ದುಂಡನೆಯ ಅಕ್ಷರದಲ್ಲಿ ‘ಗುಲಬರ್ಗಾ’.

ಜಿಲ್ಲೆ ಒಡೆದು ಯಾದಗಿರಿ ಬೇರೆ ಜಿಲ್ಲೆಯಾಗಿ ಬಹಳ ದಿನವಾಗಿರಲಿಲ್ಲ. ಶಹಾಪುರ, ಸುರಪುರ ಎಲ್ಲ ಹೊಸ ಜಿಲ್ಲೆಗೆ ಬಂದಿದ್ದವು. ಹುಟ್ಟಿದಾಗಿನಿಂದ ಗುಲಬರ್ಗಾ ಜಿಲ್ಲೆ ಎಂದೇ ಬರೆದ ಕೈ ನನ್ನದು. ನಮ್ಮಲ್ಲಿ ಎಷ್ಟೋ ಜನ ಲಗ್ನಪತ್ರಿಕೆಯಲ್ಲೂ ಹಾಗೇ ಅಚ್ಚು ಹಾಕಿಸುತ್ತಿದ್ದರು. ಅವರಿಗೆಲ್ಲ ಅದು ನಗುವ ಮಾತಾಯಿತು. ಭಾಭಿಯ ಪರವಾನಗಿಯಲ್ಲಿ ಯಾದಗಿರಿ, ಅರ್ಜಿಯಲ್ಲಿ, ಪ್ರಮಾಣಪತ್ರದಲ್ಲಿ ಗುಲಬರ್ಗಾ. ಒಂದಕ್ಕೊಂದು ಕೂಡದ ಕಾಗದವನ್ನು ವಾಪಸ್ ಕಳಿಸಿದವರದ್ದು ತಪ್ಪಿರಲಿಲ್ಲ. ಅದೇ ವರ್ಷ ಹೊಸ ನಕಾಶೆ ತೂಗುಹಾಕಿ, ನಮ್ಮ ಜಿಲ್ಲೆ ಯಾವುದು ಎಂಬ ಪ್ರಶ್ನೆಗೆ ಗುಲಬರ್ಗಾ ಎಂದು ಬರೆದ ಮಕ್ಕಳಿಗೆ ಅಂಕ ಕತ್ತರಿಸಿದವಳು ನಾನು.

ಎಲ್ಲವನ್ನೂ ಹೊಸದಾಗಿ ಮಾಡಬೇಕಾಯಿತು. ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು, ಅದು ಹೊಸದಾಗದೆ ಅರ್ಜಿ ಹಾಕುವಂತಿಲ್ಲ. ಅರ್ಜಿ ಹಾಕುವ ದಿನದವರೆಗೂ ಊರು ಬಿಡುವಂತಿಲ್ಲ. ಮುಗಿಯಿತು ಎಂದುಕೊಂಡ ಕಾವಲು ಮತ್ತೆ ಶುರುವಾಯಿತು. ಈ ಸಲ ಬೀಗ ಹಾಕಿದ್ದು ನನ್ನ ಪೆನ್ನು. “ಹೋಗ್ಲಿ ಬಿಡ್ರಿ” ಅಂದರು ಭಾಭಿ. ನಾನು ಕಾಗದ ಮಡಚುತ್ತಾ ಏನೇನೋ ಹೇಳಿದೆ, ಜಿಲ್ಲೆ ಒಡೆದವರನ್ನು ಬೈದೆ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ಪರವಾನಗಿಗೆ ಕಾಯುತ್ತಿದ್ದ ದಿನಗಳಲ್ಲೇ ಒಂದು ಸಂಜೆ ಸೀದ ರೊಟ್ಟಿಯ ವಾಸನೆ ನಮ್ಮ ಮನೆಗೆ ಬಂತು. ಕಿಟಕಿಗೆ ಹೋದೆ. ಭಾಭಿ ಪರಾತದ ಮುಂದೆ ಕೂತಿದ್ದರು, ಹಿಟ್ಟಿನ ಕೈಯಲ್ಲಿ ಫೋನು. ಹೆಂಚಿನ ಮೇಲಿನ ರೊಟ್ಟಿ ಕರ್ರಗಾಗಿ ಹೊಗೆಯಾಡುತ್ತಿತ್ತು. “ಭಾಭಿ, ರೊಟ್ಟಿ!” ಅಂದೆ. ನಾನು ಆಡಿದ್ದು ಅದೇ ಮಾತು. ಅವರು ತಲೆಯೆತ್ತಿ, “ಅಮ್ಮಾ ಹೋದಳ್ರಿ” ಅಂದರು… ಫೋನಿನಲ್ಲಿ ಯಾರೋ ಇನ್ನೂ ಅಳುತ್ತಿದ್ದರು.

ಎಂಟು ದಿನದ ಮೇಲೆ ಅವರ ಮನೆಯ ಒಲೆಯ ಮುಂದೆ ಮತ್ತೆ ರೊಟ್ಟಿಯ ಸದ್ದು ಕೇಳಿತು. ಕರ್ತವ್ಯಗಳಿರಲಿಲ್ಲ, ಬರೀ ಸದ್ದು. ನಾನು ಒಳಗೇ ನಿಂತು ಎಣಿಸಿದೆ. ಹನ್ನೊಂದಾಯಿತು. ದೇವರೇ, ಇವತ್ತು ಕೊಡದಿರಲಿ, ಬೈಯಲಿ ಎಂದು ಬೇಡಿಕೊಂಡೆ. “ಟೀಚರ್” ಎಂದು ಕರೆದರು. ಎಣ್ಣೆ, ಹಿಂಡಿ ಸವರಿದ ರೊಟ್ಟಿ ಸಂದಿಯ ಮೇಲಿಂದ ಬಂತು. ಇಸಿದುಕೊಂಡೆ. ಅವರ ಎದುರಿಗೇ ನಿಂತು ಪೂರ್ತಿ ತಿಂದೆ.

ಎರಡನೆಯ ಅರ್ಜಿ ವಾಪಸ್ ಬರಲಿಲ್ಲ. ವಿಚಾರಣೆಯ ದಿನ ಸಂವಿಧಾನವನ್ನೂ ಕೇಳಲಿಲ್ಲ, ಕರ್ತವ್ಯವನ್ನೂ ಕೇಳಲಿಲ್ಲ. ತಂದೆಯ ಹೆಸರು, ತಾಯಿಯ ಹೆಸರು, ತಾಯಿ ಬದುಕಿದ್ದಾರೆಯೇ, ಇಷ್ಟೇ. ಕೊನೆಗೊಂದು ದಿನ ಯಾದಗಿರಿಯಲ್ಲಿ, ಅಧಿಕಾರಿಯ ಎದುರು ಪ್ರಮಾಣವಚನ. ಭಾಭಿ ಕಾಗದ ನೋಡದೆ ಹೇಳಿದರು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರನ್ನು ಕೂಡಿಸಿದೆ. ಭೀಮಾ ಸೇತುವೆಯ ಮೇಲೆ ಬಂದಾಗ ನೀರು ನೋಡುತ್ತ ಮೆಲ್ಲಗೆ ಅಂದರು:

“ಅವತ್ತು ಸಹಿ ಮಾಡಾಗ ನಾನು ನೋಡಿದ್ದೆ ರೀ ಟೀಚರ್. ಗುಲಬರ್ಗಾ ಅಂತ ಇತ್ತು. ನೀವೇ ಯಾದಗಿರಿ ಅಂತ ಕಲಿಸಿದ್ರಿ.”

“ಮತ್ತ ಹೇಳ್ಬಾರದೇನ್ರಿ ಭಾಭಿ?”

“ಟೀಚರ್ ಬರದಾರಂದ್ರ ಅದೇ ಖರೆ ಇರಬೇಕು, ನಾನೇ ತಪ್ಪು ಕಲ್ತೀನಿ ಅನಕೊಂಡೆ. ನಾನು ಹೊರಗಿನಾಕಿ. ನಿಮ್ಮೂರಿನ ಜಿಲ್ಲಾ ನಿಮಗ ಹೇಳೋದು ಹ್ಯಾಂಗ?”

ಅವರು ದಾರಿಯುದ್ದಕ್ಕೂ ಹೊಲ ನೋಡುತ್ತ, ಇದು ಹತ್ತಿಯೇ, ಇದು ತೊಗರಿಯೇ ಎಂದು ಕೇಳುತ್ತಿದ್ದರು.

ಆಮೇಲೆ ಅವರು ಸುರಪುರ ನೋಡಿದರು, ಕಾಲುವೆ ನೋಡಿದರು, ಓಟು ಹಾಕಿ ಬಂದು ಶಾಯಿ ಹಚ್ಚಿದ ಬೆರಳನ್ನು ಕಿಟಕಿಯಲ್ಲಿ ತೋರಿಸಿದರು. ತಾಯಿಯ ಗೋರಿ ಮಾತ್ರ ನೋಡಲಿಲ್ಲ. ಈಗ ಅವರು ಇಲ್ಲಿಯವರು, ಅಲ್ಲಿಗೆ ಹೋಗಲು ವೀಸಾ ಬೇಕು. ಎರಡು ದೇಶಗಳ ನಡುವೆ ಮಾತು ಕೆಟ್ಟಿತ್ತು. ಎರಡು ಸಲ ಹಾಕಿದರು, ಎರಡು ಸಲವೂ ಬರಲಿಲ್ಲ. ಮೊದಲು ಈ ಕಡೆಯಿಂದ ಹಾಕಿದ್ದ ಚಿಲಕ ಈಗ ಆ ಕಡೆಯಿಂದ ಬಿದ್ದಿತ್ತು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದು, ಒಂದು ಬೇಸಿಗೆಯಲ್ಲಿ ಭಾಭಿ ಹೋಗಿಬಿಟ್ಟರು. ಭಾಯಿ ಮನೆ ಮಾರಿ ಸುರಪುರಕ್ಕೆ ತಂಗಿಯ ಹತ್ತಿರ ಹೋದರು. ಮನೆ ಕೊಂಡವರು ಅಲ್ಲಿ ಅಲಮಾರಿ ಬೇಕೆಂದು ಕಿಟಕಿಗೆ ಇಟ್ಟಂಗಿ ಕಟ್ಟಿಸಿದರು.

ಸೀದ ರೊಟ್ಟಿಯನ್ನು ಮೊನ್ನೆ ನಾನು ಬಿಸಾಕಲಿಲ್ಲ. ಹಿಂಡಿ ಹಚ್ಚಿಕೊಂಡು, ತೆರೆದ ಕಿಟಕಿಯ ಮುಂದೆ ನಿಂತು ತಿಂದೆ. ತಪ್ಪಾಯ್ತು ಭಾಭಿ ಎನ್ನುವ ಎರಡು ಮಾತು, ಅವರು ಬದುಕಿದ್ದ ಅಷ್ಟು ವರ್ಷಗಳಲ್ಲಿ, ನನ್ನ ಬಾಯಿಂದ ಆ ಸಂದಿ ದಾಟಲಿಲ್ಲ. ಅಂಥ ಅಗಲವೇನೂ ಇರಲಿಲ್ಲ ಅದು. ದಿನಾ ಒಂದು ರೊಟ್ಟಿ ದಾಟಿ ಬರುತ್ತಿತ್ತು.