ಒರೆಸಬಾರದ ಬಂದೂಕು

ನನಗೊಂದು ಹುಚ್ಚಿದೆ: ಸೈನ್ಯಗಳು ಬೇಡವೆಂದು ಮಾರಿದ ಹಳೆಯ ರೈಫಲ್‌ಗಳನ್ನು ಕೂಡಿಡುವುದು. ವುಡ್‌ರಿಡ್ಜ್‌ನ ನಮ್ಮ ಬಡಾವಣೆಯ ಉಳಿದ ಕನ್ನಡದವರು ಶನಿವಾರ ಮಕ್ಕಳನ್ನು ಸಂಗೀತದ ಕ್ಲಾಸಿಗೆ ಕರೆದೊಯ್ಯುತ್ತಿದ್ದರೆ, ನಾನು ಹಳೆಯ ಬಂದೂಕು ಮಾರುವ ಯಾವುದೋ ಗನ್ ಶೋದಲ್ಲಿ ಟಾರ್ಚ್ ಹಿಡಿದು ಬಂದೂಕಿನ ಕಟ್ಟಿಗೆಯ ಮೇಲಿನ ಸಣ್ಣ ಮುದ್ರೆಗಳನ್ನು ಓದುತ್ತಿರುತ್ತೇನೆ. ಗುಂಡು ಹಾರಿಸುವ ಆಸೆಯಂತೂ ನನಗಿಲ್ಲ. "ಜಿರಳೆ ಕಂಡ್ರೆ ಕುರ್ಚಿ ಹತ್ತೋರು, ಕಪಾಟಿನ ತುಂಬ ಮಾತ್ರ ಬಂದೂಕು," ಎಂದು ಮೈಸೂರಿನವಳಾದ ನನ್ನ ಹೆಂಡತಿ ಬಂದವರ ಎದುರಿಗೆಲ್ಲ ನನ್ನ ಮಾನ ಕಳೆಯುತ್ತಾಳೆ.

ಈ ಹುಚ್ಚಿಗೊಂದು ಮಡಿಯಿದೆ. ಮಾರಾಟವಾದ ರೈಫಲ್‌ಗಳಲ್ಲಿ ಹೆಚ್ಚಿನವನ್ನು ಯಾರೋ ಉದ್ಧಾರ ಮಾಡಿ ಹಾಳುಗೆಡವಿರುತ್ತಾರೆ. ಕಟ್ಟಿಗೆಯನ್ನು ಉಜ್ಜಿ ವಾರ್ನಿಶ್ ಬಳಿದಿರುತ್ತಾರೆ, ಲೋಹಕ್ಕೆ ಹೊಸ ಕಪ್ಪು ಕೊಟ್ಟಿರುತ್ತಾರೆ. ನಮಗೆ ಬೇಕಾದದ್ದು ಕೈಮುಟ್ಟದ ಮಾಲು. ಕಾರ್ಖಾನೆಯವರು ಬಳಿದ ಗ್ರೀಸ್ ಇನ್ನೂ ಅಂಟಿಕೊಂಡಿರಬೇಕು, ಮುದ್ರೆಗಳು ಮಾಸಿರಬಾರದು, ಹಿತ್ತಾಳೆಗೆ ಕಂದು ಕಟ್ಟಿರಬೇಕು. ಧೂಳು ಬಿದ್ದರೆ ಒಣ ಬಟ್ಟೆಯಿಂದ ಒರೆಸುವುದಕ್ಕೂ ನಾಲ್ಕು ಸಲ ಯೋಚಿಸುತ್ತೇವೆ.

ಇಂಥದ್ದೊಂದನ್ನು ನನಗೆ ಕೊಟ್ಟವರು ಮಿಷಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿರುವ ಒಬ್ಬ ಹಿರಿಯರು. ಹರೆಯದಲ್ಲಿ ಇಲ್ಲಿನ ಸೈನ್ಯದಲ್ಲಿದ್ದು, ಆಮೇಲೆ ಕಾರ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಅವರ ಹತ್ತಿರ ಭಾರತದಲ್ಲೇ ತಯಾರಾದ ಮೂರು ತ್ರೀ ನಾಟ್ ತ್ರೀ ರೈಫಲ್‌ಗಳಿದ್ದವು. ಮೂರೂ ಗ್ರೀಸಿನಲ್ಲಿ ಮುಳುಗಿದ್ದವು. ಒಂದೊಂದಕ್ಕೂ ಸಣಬಿನ ದಾರದಲ್ಲಿ ಕೈಬರಹದ ಚೀಟಿ ಕಟ್ಟಿತ್ತು. ಒಂದನ್ನು, ಕಾನೂನಿನ ಪ್ರಕಾರ ಲೈಸೆನ್ಸ್ ಇರುವ ಅಂಗಡಿಯ ಮೂಲಕ, ನನಗೆ ಮಾರಿದರು. ಉಳಿದೆರಡರ ಮಾತು ತೆಗೆದಾಗ, ಒಂದು ವರ್ಷ ಬಿಟ್ಟು ಬಂದು ಇದನ್ನು ಹೇಗೆ ಇಟ್ಟುಕೊಂಡಿದ್ದೀಯ ನೋಡಿ ಹೇಳುತ್ತೇನೆ ಎಂದರು. ಹೆಣ್ಣು ಕೊಡುವವರೂ ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಆದರೂ ಒಪ್ಪಿದೆ. ಆ ಎರಡು ರೈಫಲ್‌ಗಳ ಮೇಲೆ ನನಗೆ ಅಷ್ಟು ಆಸೆಯಿತ್ತು.

ಆಸೆಗೆ ಕಾರಣ ನನ್ನ ಅಪ್ಪ. ಅವನು ಧಾರವಾಡದಲ್ಲಿ ಪೊಲೀಸ್ ಪೇದೆಯಾಗಿದ್ದ. ಖಜಾನೆಯ ಬಾಗಿಲಲ್ಲಿ ಇದೇ ರೈಫಲ್ ಹಿಡಿದು ವರ್ಷಗಟ್ಟಲೆ ನಿಂತ. ಅವ್ವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾನೆ. ಬಂದ ಹೊಸದರಲ್ಲಿ ನನ್ನ ಕಪಾಟು ತೋರಿಸಿದಾಗ ಬಹಳ ಹೊತ್ತು ನೋಡಿ, "ಸರಕಾರಿ ಸಾಮಾನು ಮನ್ಯಾಗ ಯಾಕ ಇಟ್ಕೊಂಡಿ?" ಎಂದು ಕೇಳಿದ್ದ. ನಾನು ನಕ್ಕುಬಿಟ್ಟಿದ್ದೆ.

ವರ್ಷ ತುಂಬಿತು. ಹಿರಿಯರು ಶನಿವಾರ ಬರುತ್ತೇನೆಂದು ತಿಳಿಸಿದರು. ಶುಕ್ರವಾರ ಸಂಜೆ ಆ ರೈಫಲನ್ನು ಕಪಾಟಿನಿಂದ ತೆಗೆದು, ಅದರ ಮರದ ಪೆಟ್ಟಿಗೆಯ ಸಮೇತ ಬೇಸ್‌ಮೆಂಟಿನ ಮೇಜಿನ ಮೇಲಿಟ್ಟೆ. ಅಪ್ಪ ಹಿಂದೆಯೇ ಮೆಟ್ಟಿಲಿಳಿದು ಬಂದ.

"ಯಾಕ ತಗದಿ?"

"ನಾಳೆ ಒಬ್ಬರು ಇದನ್ನ ನೋಡಾಕ ಬರತಾರಪ್ಪಾ."

"ಸಾಹೇಬ್ರೇನು?"

ನಾನು ಫೋನಿನಲ್ಲಿ ಆಫೀಸಿನ ಮೇಲ್ ನೋಡುತ್ತಿದ್ದೆ. "ಹೂಂ, ದೊಡ್ಡ ಸಾಹೇಬ್ರು. ಮಿಲಿಟರಿಯೊಳಗ ಇದ್ದವರು. ನೋಡಿ ಸರಿ ಅನಿಸಿದ್ರ ಇನ್ನೂ ಎರಡು ಕೊಡತಾರ."

"ಸರಿ ಅನಿಸಲಿಲ್ಲಂದ್ರ?"

"ಮುಗೀತು. ನನ್ನ ಹೆಸರು ಕೆಡತೈತಿ," ಎಂದೆ. ಅಪ್ಪ ರೈಫಲಿನ ಮೇಲೆ ಒಂದು ಬೆರಳು ಆಡಿಸಿ, ಬೆರಳಿಗೆ ಹತ್ತಿದ ಗ್ರೀಸನ್ನು ನೋಡಿಕೊಂಡ. ನಾನು ಮೇಲ್‌ಗೆ ಉತ್ತರ ಬರೆಯುತ್ತ ಮೆಟ್ಟಿಲು ಹತ್ತಿದೆ.

ಶನಿವಾರ ಬೆಳಿಗ್ಗೆ ನಾನು ಸಿಹಿ ತರಲೆಂದು ನಮ್ಮ ಕಡೆಯವರ ಅಂಗಡಿಗಳಿರುವ ಗ್ಲೆಂಡೇಲ್ ಹೈಟ್ಸ್‌ಗೆ ಹೋದೆ. ಅಲ್ಲಿಯೇ ಕ್ಷೌರವನ್ನೂ ಮುಗಿಸಿ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮನೆ ಸೇರುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಅಡುಗೆಮನೆಯಲ್ಲಿ ಹೆಂಡತಿ ಫ್ರಿಜ್ಜಿನೊಳಗೆ ತಲೆ ತೂರಿಸಿ ಏನನ್ನೋ ಹುಡುಕುತ್ತಿದ್ದಳು.

"ನನ್ನ ಅಗಸೆ ಎಣ್ಣೆ ಬಾಟ್ಲು ನೋಡಿದ್ರಾ? ಡಾಕ್ಟರ್ ಹೇಳಿದ್ರು ಅಂತ ನಿನ್ನೆ ತಾನೇ ತಂದಿದೀನಿ. ಹುಣಸೆಹಣ್ಣೂ ಅರ್ಧ ಖಾಲಿ. ಮಾವ ಬೆಳಗ್ಗೆಯಿಂದ ಬೇಸ್‌ಮೆಂಟಲ್ಲೇ ಇದ್ರು, ತಿಂಡಿಗೂ ಮೇಲೆ ಬರ್ಲಿಲ್ಲ. ಈಗ ಸ್ನಾನ ಮಾಡ್ತಿದಾರೆ."

ಆಗಲೇ ನನಗೆ ಹೊಳೆಯಬೇಕಿತ್ತು. ಆದರೆ ಮನೆ ಮುಂದಿನ ಡ್ರೈವ್‌ವೇಯಲ್ಲಿ ಹಿರಿಯರ ಕಾರು ಬಂದು ನಿಂತಿತು.

ಅವರನ್ನು ಕೆಳಗೆ ಕರೆದುಕೊಂಡು ಹೋದೆ. ಅಪ್ಪ ಆಗಲೇ ಅಲ್ಲಿ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಪ್ಯಾಂಟು, ಒಳಗೆ ಸೇರಿಸಿದ ಬಿಳಿ ಅಂಗಿ, ಮದುವೆ ಮುಂಜಿಗೆಂದು ಇಟ್ಟುಕೊಂಡಿದ್ದ ಕರಿ ಬೂಟು. ಅತಿಥಿಗೆಂದು ಅಲಂಕಾರ ಮಾಡಿಕೊಂಡಿದ್ದಾನೆ ಅಂದುಕೊಂಡು ಖುಷಿಯಿಂದಲೇ ಪೆಟ್ಟಿಗೆಯ ಮುಚ್ಚಳ ತೆಗೆದೆ.

ಹಿತ್ತಾಳೆ ಥಳಥಳ ಹೊಳೆಯುತ್ತಿತ್ತು. ಗ್ರೀಸಿನ ಗುರುತೇ ಇರಲಿಲ್ಲ. ಗ್ಯಾರೇಜಿನ ಉಪ್ಪುಕಾಗದದಿಂದ ಉಜ್ಜಿ, ಅಗಸೆ ಎಣ್ಣೆ ಕುಡಿಸಿದ ಕಟ್ಟಿಗೆ ಹೊಸ ತೊಟ್ಟಿಲಿನ ಹಾಗೆ ನುಣ್ಣಗಾಗಿತ್ತು. ಮುದ್ರೆಗಳೆಲ್ಲ ಅಳಿಸಿಹೋಗಿದ್ದವು. ಚೀಟಿ ಬಿಚ್ಚಿದ ಸಣಬಿನ ದಾರ ಕಸದ ಬುಟ್ಟಿಯ ಅಂಚಿಗೆ ಜೋತುಬಿದ್ದಿತ್ತು.

ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ನನ್ನ ಅಪ್ಪನ ಮೇಲೆ ನನಗೆ ಬಂದಷ್ಟು ಸಿಟ್ಟು ಹುಟ್ಟಿದಾಗಿನಿಂದ ಯಾರ ಮೇಲೂ ಬಂದಿರಲಿಲ್ಲ. ಬಾಯಿ ತೆರೆದು ಅವನ ಕಡೆ ತಿರುಗಿದೆ.

ಅಪ್ಪ ನನ್ನನ್ನು ನೋಡುತ್ತಲೇ ಇರಲಿಲ್ಲ. ಹಿಮ್ಮಡಿಗಳನ್ನು ಜೋಡಿಸಿ, ಎದೆ ಸೆಟೆದು, ಎರಡೂ ಮುಷ್ಟಿಗಳನ್ನು ತೊಡೆಗೆ ಒತ್ತಿಕೊಂಡು ನಿಂತಿದ್ದ. ಉಗುರುಗಳ ಸಂದಿಯಲ್ಲಿ ಕರಿ ಇತ್ತು. ಹಿರಿಯರ ತಲೆಯ ಮೇಲೆ ಎಲ್ಲೋ ದೃಷ್ಟಿ ನೆಟ್ಟು, "ರೈಫಲ್ ಕ್ಲೀನ್, ಸರ್," ಎಂದ.

ಆಗ ತಿಳಿಯಿತು. ಧಾರವಾಡದ ಪೊಲೀಸ್ ಮೈದಾನದಲ್ಲಿ ಸಾಹೇಬರು ಬಂದೂಕು ನೋಡಲು ಬಂದರೆಂದರೆ ಅದು ತಪಾಸಣೆ. ನಳಿಗೆಯೊಳಗೆ ಒಂದು ಕಲೆ ಕಂಡರೆ ಬಂದೂಕನ್ನು ತಲೆಯ ಮೇಲೆ ಎತ್ತಿ ಹಿಡಿದು ಮೈದಾನದ ಸುತ್ತ ಓಡಬೇಕು. ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ಗೋಡೆಯ ಮೇಲೆ ಕುಳಿತು ಅಪ್ಪ ಹಾಗೆ ಓಡುವುದನ್ನು ನಾನು ಕಂಡಿದ್ದೆ. ನನ್ನ ಗೆಳೆಯರೂ ಕಂಡಿದ್ದರು. ಆ ಸಂಜೆ ಅಪ್ಪನಾಗಲಿ ನಾನಾಗಲಿ ಅದರ ಮಾತೆತ್ತಲಿಲ್ಲ. ಈಗ ಮಗನ ಹೆಸರು ಕೆಡುತ್ತದೆಂದು ನಾನೇ ಬಾಯಾರೆ ಹೇಳಿದ್ದೆ. ಅವನು ಮಾಡಬೇಕಾದದ್ದನ್ನು ಮಾಡಿದ್ದ.

ತೆರೆದ ಬಾಯಿ ಮುಚ್ಚಿಕೊಂಡೆ.

ಹಿರಿಯರು ಅಪ್ಪನನ್ನು ಒಮ್ಮೆ, ರೈಫಲನ್ನು ಒಮ್ಮೆ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಎರಡೂ ಕೈಯಿಂದ ಅದನ್ನು ಎತ್ತಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹೊರಗೆಳೆದು, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನ ಎದುರಿಗೆ ಹೋಗಿ ನಿಂತು, ರೈಫಲನ್ನು ಅವನ ಕೈಗೆ ಕೊಟ್ಟು, ಗಂಭೀರವಾಗಿ ತಲೆಯಾಡಿಸಿ, ಬಹಳ ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಪ್ಪನಿಗೆ ಅಷ್ಟು ಬರುತ್ತದೆ.

ಸಿಹಿ ತಿಂದು, ಚಹಾ ಕುಡಿದು ಹೊರಟರು. ಕಾರಿನವರೆಗೆ ಹೋದೆ. "ಅದು ಹೋಯಿತು, ನಿನಗೂ ಗೊತ್ತು," ಎಂದರು. ಗೊತ್ತು ಎಂದೆ. ಉಳಿದೆರಡನ್ನು ಬೇರೆ ಯಾರಿಗಾದರೂ ಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡ ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಹಾಗಾಗಿ ಇನ್ನಷ್ಟು ನೋವಾಯಿತು. ಅವರ ಕಾರು ತಿರುವು ದಾಟುವವರೆಗೂ ನಿಂತಿದ್ದು ಒಳಗೆ ಬಂದೆ.

ಅಪ್ಪ ಬೇಸ್‌ಮೆಂಟಿನ ಕುರ್ಚಿಯಲ್ಲಿ ಕುಳಿತು ಬೂಟಿನ ಲೇಸ್ ಬಿಚ್ಚುತ್ತಿದ್ದ.

"ಏನಂದ್ರು ಸಾಹೇಬ್ರು?"

"ಪಾಸ್ ಅಂದ್ರಪ್ಪಾ."

"ಆ ಎರಡು ಕೊಡತಾರಂತೇನು?"

"ಕೊಡತಾರಂತ. ತಡ ಆಗತೈತಿ."

ಅಪ್ಪ ಉಸಿರು ಬಿಟ್ಟ. "ಅಂಜಿಕಿ ಇತ್ತು ತಮ್ಮಾ. ಕೈ ಮೊದಲಿನಂಗ ಇಲ್ಲ ನೋಡು. ನಾ ಇದ್ದೂ ನಿನಗ ಮಂದ್ಯಾಗ ಅವಮಾನ ಆಗಬಾರದಲ್ಲ." ಆಮೇಲೆ ಕಪಾಟಿನ ಕಡೆ ನೋಡಿ, "ಉಳಿದವೂ ಹಂಗ ಹೊಲಸ ಅದಾವೇನು?" ಎಂದು ಕೇಳಿದ.

ಕಪಾಟಿನಲ್ಲಿ ಇನ್ನೂ ಮೂರಿದ್ದವು. ಮೂರೂ ಕೈಮುಟ್ಟದ ಮಾಲು. ಹೋಗಿ ಬೀಗ ತೆಗೆದು, ಒಂದನ್ನು ತಂದು ಅವನ ಮೊಳಕಾಲ ಮೇಲಿಟ್ಟೆ.

ಅಪ್ಪ ಬಟ್ಟೆಯ ಒಂದು ತುದಿಯನ್ನು ಅಗಸೆ ಎಣ್ಣೆಯಲ್ಲಿ ಅದ್ದಿಕೊಂಡ. "ನಳಿಗಿ ಗಟ್ಟಿ ಹಿಡಿ, ಅಲುಗಾಡಸಬ್ಯಾಡ," ಎಂದ. ಹಿಡಿದುಕೊಂಡೆ. ಚಿಕ್ಕಂದಿನಲ್ಲಿ ಎಷ್ಟು ಗೋಗರೆದರೂ ಅವನು ತನ್ನ ಬಂದೂಕನ್ನು ನನಗೆ ಮುಟ್ಟಗೊಟ್ಟಿರಲಿಲ್ಲ.