ಹೆದ್ದಾರಿ ಬೇಲಿಯ ಆಚೆ ಶರಣಬಸಮ್ಮನ ರೊಟ್ಟಿ

ಹೊತ್ತು ಇನ್ನೂ ಹುಟ್ಟಿಲ್ಲ. ಶಂಶಾಬಾದ್ ದಾಟಿ ಬೆಂಗಳೂರಿನತ್ತ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ತಗಡಿನ ಚಪ್ಪರದ ಕೆಳಗೆ, ಶರಣಬಸಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಒಲೆಯ ಬೆಳಕು ಅವರ ಮುಂಗೈವರೆಗೆ ಮಾತ್ರ ಬೀಳುತ್ತದೆ. ಮುಖ ಕಾಣುವುದಿಲ್ಲ. ಹಿಟ್ಟಿನ ಉಂಡೆ ಅಂಗೈ ಕೆಳಗೆ ತಿರುಗುತ್ತಾ ಅಗಲವಾಗುತ್ತದೆ, ಹಂಚಿಗೆ ಬೀಳುತ್ತದೆ, ಒದ್ದೆ ಬಟ್ಟೆ ಅದರ ಮೇಲೆ ಒಮ್ಮೆ ಹರಿದಾಡುತ್ತದೆ. ಮತ್ತೆ ಇನ್ನೊಂದು ಉಂಡೆ.

ಸರ್ವಿಸ್ ರಸ್ತೆಯಲ್ಲಿ ಒಂದು ಕಾರು ಬಂದು ನಿಲ್ಲುತ್ತದೆ. ಅವರು ತಲೆ ಎತ್ತುವುದು ಆಗ ಮಾತ್ರ. ಇಳಿಯುವವರನ್ನು ಎಣಿಸುತ್ತಾರೆ: ದೊಡ್ಡವರು ಮೂವರು, ಮಕ್ಕಳು ಇಬ್ಬರು. ದೊಡ್ಡವರಿಗೆ ಎರಡೆರಡು, ಮಕ್ಕಳಿಗೆ ಅರ್ಧರ್ಧ. ಏಳು ಉಂಡೆ ಮುರಿದಿಡುತ್ತಾರೆ. ಏನಿದೆ ಎಂದು ಯಾರೂ ಕೇಳುವುದಿಲ್ಲ. ಏನು ಬೇಕು ಎಂದು ಇವರೂ ಕೇಳುವುದಿಲ್ಲ. ಬಂದವರು ಕೈಕಾಲು ತೊಳೆದು ಬರುವಷ್ಟರಲ್ಲಿ ಮೊದಲ ರೊಟ್ಟಿ ತಟ್ಟೆಯಲ್ಲಿರುತ್ತದೆ, ಮಗುವಿನದು.

ಇಂದು ಶನಿವಾರ. ಈ ಕುಟುಂಬ ಲಿಂಗಂಪಲ್ಲಿಯಿಂದ ರಾಯಚೂರಿಗೆ ಹೊರಟಿದೆ. ಸೊಸೆ ಸಂಯುಕ್ತಾ ಚೀಲದಿಂದ ತಮ್ಮದೇ ಡಬ್ಬಿ ತೆಗೆಯುತ್ತಾರೆ. ಬದನೆಕಾಯಿ ಪಲ್ಯ. ಇಲ್ಲಿ ಅದಕ್ಕೆ ಅಡ್ಡಿಯಿಲ್ಲ. ಮನೆಯ ಬುತ್ತಿ ಬಿಚ್ಚಿ, ಬಿಸಿ ರೊಟ್ಟಿ ಮಾತ್ರ ಇಲ್ಲಿಂದ ಪಡೆದು ಉಣ್ಣಬಹುದು.

"ಆಚಿ ಫುಡ್ ಕೋರ್ಟ್‌ನಾಗ ಐದು ಮಂದಿ ಕುಂತ್ರ ಸಾವಿರದ ಮ್ಯಾಲ ಹೋಗತೈತ್ರಿ," ಎನ್ನುತ್ತಾರೆ ಸಂಯುಕ್ತಾ, ಈ ಒಲೆಯ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನ್ನೊಡನೆ. "ಮ್ಯಾಲ ನಮ್ಮ ಡಬ್ಬಿ ತಗಿಯಾಕ ಬಿಡಂಗಿಲ್ಲ. ಇಲ್ಲಿ ಹಂಗಲ್ಲ. ಇವ್ರೇ ಡಬ್ಬಿಯೊಳಗ ಇಣಕಿ ನೋಡಿ ಬೈತಾರ."

"ಬೈದಿಲ್ಲವ್ವ," ಎಂದು ಒಲೆಯ ಕಡೆಯಿಂದ ದನಿ ಬರುತ್ತದೆ. "ಎಣ್ಣಿ ಕಮ್ಮಿ ಆಗೇತಿ ಅಂದೆ, ಅಷ್ಟ. ನಿಮ್ಮತ್ತಿ ಮುಂದ ಅಂದಿದ್ದು ತಪ್ಪಾತು."

ಅತ್ತೆ ನಗುತ್ತಾರೆ. ಶರಣಬಸಮ್ಮ ಪುಂಡಿಪಲ್ಯ, ಶೇಂಗಾ ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ, ಮಜ್ಜಿಗೆ ತಂದಿಡುತ್ತಾರೆ. ಇವಕ್ಕೆ ದುಡ್ಡಿಲ್ಲ. ರೊಟ್ಟಿಗೆ ಹನ್ನೆರಡು ರೂಪಾಯಿ. ಐದು ಜನ ಹೊಟ್ಟೆ ತುಂಬಾ ಉಂಡು ಎಂಬತ್ತನಾಲ್ಕು ರೂಪಾಯಿ ಕೊಟ್ಟು ಕಾರು ಹತ್ತುತ್ತಾರೆ.

ಕಾರು ಹೋದ ಮೇಲೆ ಶರಣಬಸಮ್ಮ ನನ್ನ ತಟ್ಟೆಗೆ ಎರಡು ರೊಟ್ಟಿ ಹಾಕುತ್ತಾರೆ.

"ಒಬ್ರ ಬಂದೀರೇನ್ರಿ? ಯಜಮಾನ್ರು?"

ತೀರಿಕೊಂಡರು ಎನ್ನುತ್ತೇನೆ. ಶರಣಬಸಮ್ಮ ನನ್ನ ಮುಖ ನೋಡುತ್ತಾರೆ. ಮೂರನೆಯ ರೊಟ್ಟಿ ಹಾಕಿ ಒಲೆಯ ಮುಂದೆ ಹೋಗಿ ಕೂರುತ್ತಾರೆ.

ದೇವದುರ್ಗದ ಕಡೆಯವರು. ವಯಸ್ಸು ಐವತ್ತೆಂಟೋ ಅರವತ್ತೋ, ಅವರಿಗೂ ಖಚಿತವಿಲ್ಲ. ಇಲ್ಲಿ ವಿಮಾನ ನಿಲ್ದಾಣ ಕಟ್ಟುವಾಗ ಗಂಡ ಸೂಗಪ್ಪ ಗಾರೆ ಕೆಲಸಕ್ಕೆ ಬಂದರು, ಹಿಂದೆ ಇವರು ಬಂದರು. ತಮ್ಮ ಸೀಮೆಯ ಕೂಲಿಯವರಿಗೆ ರೊಟ್ಟಿ ಮಾಡಿಕೊಡುವುದರಿಂದ ಶುರುವಾಯಿತು. ನಿಲ್ದಾಣ ಮುಗಿಯಿತು, ಕೂಲಿಯವರು ಚದುರಿದರು. ಸೂಗಪ್ಪ ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡರು. ಬಾಡಿಗೆ ಜಾಗದಲ್ಲಿ ಈ ಚಪ್ಪರ ಎದ್ದಿತು. ಹಿಂದೆಯೇ ಒಂದು ಕೋಣೆ. ಅದೇ ಮನೆ.

ದಿನಕ್ಕೆ ಹದಿನೆಂಟು ಕಿಲೋ ಹಿಟ್ಟು, ಇನ್ನೂರ ಅರವತ್ತರ ಸುಮಾರು ರೊಟ್ಟಿ. ಶನಿವಾರ, ಹಬ್ಬದ ಮುಂಚಿನ ದಿನ ಮುನ್ನೂರು ದಾಟುತ್ತದೆ. ಎಲ್ಲವೂ ಒಂದೇ ಜೋಡಿ ಕೈಯಲ್ಲಿ. ಬೆರಳ ತುದಿಯ ಗೆರೆಗಳು ಬಿಸಿಗೆ ಅಳಿಸಿಹೋಗಿವೆ. ರೇಷನ್ ಅಂಗಡಿಯ ಯಂತ್ರ ಇವರನ್ನು ಗುರುತಿಸುವುದಿಲ್ಲ. ಅಕ್ಕಿ ತರಲು ಸೂಗಪ್ಪನೇ ಹೋಗಬೇಕು.

"ನಾ ಅದೀನಿ ಅಂತ ಮಷೀನಿಗೆ ಗೊತ್ತಾಗಂಗಿಲ್ರಿ," ಎನ್ನುತ್ತಾರೆ. ದೂರಿನಂತೆ ಅಲ್ಲ.

ಚಪ್ಪರದಿಂದ ಹೊರಗೆ ನೋಡಿದರೆ ಕಬ್ಬಿಣದ ಬೇಲಿ ಕಾಣುತ್ತದೆ. ಹೆದ್ದಾರಿಗೂ ಸರ್ವಿಸ್ ರಸ್ತೆಗೂ ನಡುವೆ ಎರಡೂ ಕಡೆಯಿಂದ ಹಾಕುತ್ತಾ ಬರುತ್ತಿದ್ದಾರೆ. ಇವರ ಮುಂದೆ ಕಾರು ಒಳಬರುವ ಸಂದು ಮಾತ್ರ ಈಗ ಉಳಿದಿದೆ. ಅದನ್ನೂ ಮುಚ್ಚಬೇಕೆಂದು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿದ್ದಾರೆ. ಮುಚ್ಚಿದರೆ, ಇಲ್ಲಿಗೆ ಬರಬೇಕಾದವರು ಮೂರು ಕಿಲೋಮೀಟರ್ ಮೊದಲೇ ಹೆದ್ದಾರಿ ಬಿಟ್ಟು ಇಳಿಯಬೇಕು. ಹಸಿದ ಮಕ್ಕಳನ್ನು ಕೂರಿಸಿಕೊಂಡು, ಕಾಣದ ಒಲೆಯನ್ನು ನಂಬಿ ಯಾರು ಇಳಿಯುತ್ತಾರೆ?

ವ್ಯಾಪಾರದ ಜಾಗಗಳ ಮುಂದೆ ಸಂದು ಬಿಡುತ್ತಾರೆ. ಪೆಟ್ರೋಲ್ ಬಂಕಿನ ಮುಂದೆ ಇದೆ, ಫುಡ್ ಕೋರ್ಟಿನ ಮುಂದೆ ಇದೆ. ಇವರಿಗಿಲ್ಲ. ಏಕೆಂದರೆ ಹೋದ ವರ್ಷ ಅಳತೆಯವರು ಬಂದಾಗ ಶರಣಬಸಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದರು. ಸೂಗಪ್ಪ ಒಬ್ಬರೇ ಇದ್ದರು. ಇದೇನು, ಹೋಟೆಲ್ಲೇ ಎಂದು ಕೇಳಿದರಂತೆ. ಸೂಗಪ್ಪ ತಮಗೆ ಬಂದ ತೆಲುಗಿನಲ್ಲಿ, "ಹೋಟಲ್ ಕಾದು ಸಾರ್, ಇಲ್ಲು," ಎಂದರಂತೆ. ಹೋಟೆಲ್ ಅಲ್ಲ, ಮನೆ. ಅವರು ಮನೆ ಎಂದೇ ಬರೆದುಕೊಂಡು ಹೋದರು.

ಸೂಗಪ್ಪ ನೀರಿನ ಕೊಡದ ಪಕ್ಕ ಕೂತಿದ್ದಾರೆ. ಉದ್ದ ಮನುಷ್ಯ, ಸೊಂಟದಿಂದ ಬಾಗಿದ್ದಾರೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳುತ್ತೇನೆ.

"ಅನ್ನ ಮಾರೋ ಮನಿತನ ಅಲ್ರಿ ನಮ್ದು. ರೊಟ್ಟಿಗೆ ತಗೋತೀವಿ ಖರೆ. ಅದು ಜ್ವಾಳಕ್ಕ, ಕಟಗಿಗೆ. ಪಲ್ಯಕ್ಕ, ಮಜ್ಜಿಗಿಗೆ ಹೆಂಗ ರೊಕ್ಕ ಕೇಳೂದು? ಬಂದೋರು ಬೀಗರಿದ್ದಂಗ."

"ಬೀಗರು ಬರಾಕ ದಾರಿ ಬೇಕಲ್ರಿ, ಅದನ್ನ ಹೇಳ್ರಿ," ಎಂದು ಶರಣಬಸಮ್ಮ ಹಂಚಿನ ಮೇಲಿಂದ ಕಣ್ಣು ತೆಗೆಯದೆ ಚುಚ್ಚುತ್ತಾರೆ. "ಮನಿ ಅಂದ್ರಿ. ಈಗ ಮನ್ಯಾಗ ಕೂಡ್ರಿ ಆರಾಮ. ಯಾರೂ ಬರಂಗಿಲ್ಲ, ಚಾ ಕೇಳಂಗಿಲ್ಲ."

"ಆತ್ ಬಿಡ. ದಿನಾ ಎಷ್ಟ ಸಲ ಅಂತೀ?"

"ಬೇಲಿ ಮುಚ್ಚೂ ಮಟ ಅಂತೀನಿ. ಮುಚ್ಚಿದ ಮ್ಯಾಲೂ ಅಂತೀನಿ. ಮತ್ತೇನ್ ಕೆಲಸ ಇರತೈತಿ ನನಗ?"

ಸೂಗಪ್ಪ ಎದ್ದು ಕೊಡ ತುಂಬಿಸಲು ಹೋಗುತ್ತಾರೆ. ಜಗಳಕ್ಕೆ ಎದುರಿಗೆ ಒಬ್ಬರಿರುವುದು ಸಣ್ಣ ಸಂಗತಿಯಲ್ಲ ಎಂದು ನನಗೆ ಗೊತ್ತು.

ಬೇಲಿಗೆ ಗುಂಡಿ ತೋಡುವ ಕೂಲಿಯವರೂ ಮಧ್ಯಾಹ್ನ ಇಲ್ಲೇ ಉಣ್ಣುತ್ತಾರೆ. ಅವರ ತಟ್ಟೆಗೂ ರೊಟ್ಟಿ ಬಿಸಿಯಾಗಿಯೇ ಬೀಳುತ್ತದೆ. ಶರಣಬಸಮ್ಮನಿಗೆ ಅವರ ಮೇಲೆ ಸಿಟ್ಟಿಲ್ಲವೇ?

"ಅವ್ರೇನ್ ಮಾಡ್ಯಾರ? ತೋಡು ಅಂದಲ್ಲಿ ತೋಡತಾರ. ಬಿಸಲಾಗ ನಿಂತು ಹಸ್ದಿರತಾರ."

ಬುಧವಾರ ಮತ್ತೆ ಹೋಗುತ್ತೇನೆ. ಅಷ್ಟರಲ್ಲಿ ಒಂದು ದಾರಿ ಕಂಡಿದೆ. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಿಂದ ನಿವೃತ್ತರಾದ ಗುರುಸಿದ್ದಪ್ಪ ಇಲ್ಲಿಯ ಹಳೆಯ ಗಿರಾಕಿ. ಊರಿಗೆ ಹೋಗುವಾಗಲೂ ಬರುವಾಗಲೂ ಮೊಮ್ಮಕ್ಕಳೊಂದಿಗೆ ನಿಲ್ಲುತ್ತಾರೆ. ಅವರೇ ಕಚೇರಿ ಅಲೆದು ತಿದ್ದುಪಡಿಯ ಅರ್ಜಿ ತಂದಿದ್ದಾರೆ. ಮೊದಲು ಹೇಳಿಕೆ ಕೊಟ್ಟವರೇ ಸಹಿ ಮಾಡಬೇಕು: ಆಗ ಹೇಳಿದ್ದು ತಪ್ಪು, ಇದು ಹೋಟೆಲು. ಅದನ್ನು ಪಡೆದುಕೊಳ್ಳಲು ರಸ್ತೆ ಕೆಲಸದ ಮೇಲ್ವಿಚಾರಕ ಮೋಹನ ಬಂದು ಕೂತಿದ್ದಾರೆ. ಮುಚ್ಚುವ ಕೆಲಸ ನಾಳೆಗೋ ನಾಡಿದ್ದಿಗೋ ಇದೆ.

ಹೆಂಡತಿ ನಾಲ್ಕು ರಾತ್ರಿ ಹೇಳಿ ಹೇಳಿ ಒಪ್ಪಿಸಿದ್ದಾರಂತೆ. ಸೂಗಪ್ಪ ಒಗೆದ ಅಂಗಿ ಹಾಕಿಕೊಂಡಿದ್ದಾರೆ. ಅವರಿಗೆ ಕನ್ನಡ ಮಾತ್ರ ಬರೆಯಲು ಬರುತ್ತದೆ. ಯಾವ ಅಕ್ಷರವಾದರೂ ಸರಿ ಎನ್ನುತ್ತಾರೆ ಮೋಹನ. ಗುರುಸಿದ್ದಪ್ಪ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸೂಗಪ್ಪ 'ಹೋಟೆಲ್' ಎಂದು ಬರೆಯುತ್ತಾರೆ. ಎರಡೂವರೆ ಅಕ್ಷರಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಪೆನ್ನು ಕಾಗದದ ಮೇಲೆ ಅದುರುತ್ತದೆ.

ಕೆಳಗೆ ಒಂದು ಪಟ್ಟಿಯಿದೆ. ಏನೇನು ಮಾರುತ್ತೀರಿ, ದರ ಎಷ್ಟು. ರೊಟ್ಟಿ, ಹನ್ನೆರಡು. ಪಲ್ಯ ಎಂದು ಬರೆದು ಸೂಗಪ್ಪ ಪೆನ್ನು ಕೆಳಗಿಡುತ್ತಾರೆ.

"ಖಾಲಿಗಾ ಉಂಡಕೂಡದು ಪೆದ್ದಾಯನಾ," ಎನ್ನುತ್ತಾರೆ ಮೋಹನ. ಖಾಲಿ ಬಿಡುವಂತಿಲ್ಲ, ಹಿರಿಯರೇ. ಐದೋ ಹತ್ತೋ ಏನಾದರೂ ಹಾಕಿ ಎಂದು ಹಿಂದಿಯಲ್ಲೂ ಹೇಳುತ್ತಾರೆ.

"ಹತ್ತು ಅಂತ ಹಾಕ್ರಿ ಸೂಗಪ್ಪಣ್ಣ," ಎಂದು ಗುರುಸಿದ್ದಪ್ಪ ಬೇಡಿಕೊಳ್ಳುತ್ತಾರೆ. "ಕಾಗದದಾಗ ಅಷ್ಟ. ತಗೋಬ್ಯಾಡ್ರಿ ಬೇಕಾದ್ರ."

ಸೂಗಪ್ಪ ಒಲೆಯತ್ತ ನೋಡುತ್ತಾರೆ. ರೊಟ್ಟಿ ಬಡಿಯುವ ಸದ್ದು ನಿಂತಿದೆ. ಒಂದು ವರ್ಷದಿಂದ ಇದೇ ವಿಷಯಕ್ಕೆ ಅವರನ್ನು ಕುಟುಕುತ್ತಾ ಬಂದ ಹೆಂಡತಿ ಹಿಟ್ಟಿನ ಕೈಯಿಂದ ಹಣೆಯ ಕೂದಲು ಸರಿಸುತ್ತಾರೆ.

"ಇದ್ದದ್ದ ಬರೀರಿ," ಎನ್ನುತ್ತಾರೆ.

ಸೂಗಪ್ಪ ಸೊನ್ನೆ ಬರೆಯುತ್ತಾರೆ. ಹಿಂಡಿಯ ಮುಂದೆ ಸೊನ್ನೆ. ಮಜ್ಜಿಗೆಯ ಮುಂದೆ ಸೊನ್ನೆ. ಸಹಿ ಹಾಕುತ್ತಾರೆ. ಗುರುಸಿದ್ದಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಾರೆ. ಮೋಹನ ಕಾಗದವನ್ನು ಎರಡು ಸಲ ಓದುತ್ತಾರೆ. ಕಳಿಸುತ್ತೇನೆ, ಆದರೆ ಇದನ್ನು ನೋಡಿದರೆ ಮೇಲಿನವರು ಹೋಟೆಲ್ ಎಂದು ಒಪ್ಪುವುದು ಕಷ್ಟ ಎನ್ನುತ್ತಾರೆ. ಹೋಗುವ ಮೊದಲು ಊಟಕ್ಕೆ ಕೂರುತ್ತಾರೆ. ಅವರಿಗೂ ಎರಡು.

ಶುಕ್ರವಾರದವರೆಗೆ ಉತ್ತರ ಬಂದಿಲ್ಲ. ಸುಣ್ಣದ ಗುರುತಿನ ಮೇಲೆ ಆರು ಗುಂಡಿ ತೋಡಿದ್ದಾರೆ. ನಾಲ್ಕರಲ್ಲಿ ಕಂಬ ನಿಂತಿವೆ. ಬೆಳಗಿನಿಂದ ಎರಡೇ ಕಾರು ನುಸುಳಿ ಒಳಗೆ ಬಂದಿವೆ. ಶರಣಬಸಮ್ಮ ಆರು ಕಿಲೋ ಹಿಟ್ಟು ಮಾತ್ರ ಕಲಸಿದ್ದಾರೆ. ಸೂಗಪ್ಪ ಹಿಂದಿನ ಕೋಣೆಯಲ್ಲಿ ಮಲಗಿದ್ದಾರೆ.

ಮುಂದೇನು ಎಂದು ಕೇಳುತ್ತೇನೆ.

"ಗೊತ್ತಿಲ್ರಿ. ಈ ಕೆಲಸ ಬಿಟ್ರ ಬ್ಯಾರೆ ಬರಂಗಿಲ್ಲ ನನಗ. ಇನ್ನೊಂದು ಸಂದು ಇರೋಕಡೆ ಜಾಗ ಸಿಕ್ರ ನೋಡೂದು. ಬಾಡಿಗಿ ಭಾಳ ಕೇಳತಾರ."

ಅರ್ಜಿಯಲ್ಲಿ ಹತ್ತು ಎಂದು ಬರೆಸಬಹುದಿತ್ತಲ್ಲ?

ಅವರು ಹಂಚಿನ ಮೇಲಿನ ರೊಟ್ಟಿ ಮಗುಚುತ್ತಾರೆ. ಕೋಣೆಯ ಕಡೆ ಒಮ್ಮೆ ತಿರುಗಿ, ಅಲ್ಲಿಗೆ ಕೇಳದ ಹಾಗೆ ದನಿ ತಗ್ಗಿಸುತ್ತಾರೆ.

"ಹೋಟೆಲ್ ಅಂತ ಬರಿಯಾಗ ಅವ್ರ ಕೈ ನಡಗತಿತ್ರಿ. ಸೊನ್ನಿ ಬರಿಯಾಗ ನಡಗಿಲ್ಲ. ನೀವೂ ನೋಡಿರಲ್ಲ?"