ಫಾರಂನಲ್ಲಿ ಇಲ್ಲದ ರೊಟ್ಟಿ

ಒಬ್ಬ ಮನುಷ್ಯ ಎಷ್ಟರಮಟ್ಟಿಗೆ ಸ್ವಾವಲಂಬಿ ಎಂದು ಇನ್ನೊಬ್ಬ ತೀರ್ಮಾನಿಸುವುದು ಅತ್ಯಂತ ಗಂಭೀರವಾದ ಹೊಣೆ. ಆ ಹೊಣೆ ಹೊತ್ತು ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ಸ್ಕೂಟರಿನಲ್ಲಿ ಸುತ್ತುವ ನಾನು, ಅಂಗಿಯ ಕತ್ತಿನ ಗುಂಡಿಯನ್ನು ಕನ್ನಡಿ ಇಲ್ಲದೆ ಈ ದಿನಕ್ಕೂ ಹಾಕಲಾರೆ.

ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು ಹೇಳಿದಂತೆ ಕೇಳದ ಪುಟ್ಟ ಮಕ್ಕಳ ಮನೆಗೆ ಹೋಗಿ, ಉಣ್ಣುವುದು, ಉಡುವುದು, ಹಲ್ಲುಜ್ಜುವುದನ್ನು ಅವರು ತಾವೇ ಎಷ್ಟು ಮಾಡಿಕೊಳ್ಳುತ್ತಾರೆಂದು ನೋಡಿ ಫಾರಂ ತುಂಬುವುದು ನನ್ನ ಕೆಲಸ. ಇದಕ್ಕೆ ದೊಡ್ಡ ಅಡ್ಡಿ ಮಕ್ಕಳ ಕೈಕಾಲಲ್ಲ, ಅಜ್ಜಿಯರು. "ಅಂಗಿ ತಾನೇ ಹಾಕ್ಕೊಳ್ತಾಳಾ?" ಎಂದರೆ ಸೊರಬದ ಅಜ್ಜಿ, "ಪಾಪ, ಅದ್ರ ಕೈಲಿ ಎಲ್ಲಾಗ್ತದೆ ಮಾರಾಯ್ರೆ" ಎಂದು ನಿಟ್ಟುಸಿರು ಬಿಡುತ್ತಾರೆ. ಶಿಕಾರಿಪುರದ ಅಜ್ಜಿ, "ನಾ ಇನ್ನೂ ಸತ್ತಿಲ್ಲಲ್ರೀ!" ಎಂದು ನನ್ನನ್ನೇ ವಿಚಾರಣೆಗೆ ನಿಲ್ಲಿಸುತ್ತಾರೆ.

ತಾಳಗುಂದದ ಹತ್ತಿರದ ಮನೆಯೊಂದರ ಅಜ್ಜಿ ಈ ಎರಡನೇ ಪಂಥದವರು. ಮೊಮ್ಮಗಳಿಗೆ ಆರು ವರ್ಷ. ಎಡಗೈ ಸದಾ ಮುಷ್ಟಿ ಬಿಗಿದೇ ಇರುತ್ತಿತ್ತು. ಬಲಗೈ ಎಲ್ಲಿಗೇ ಹೋದರೂ ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಜೂನ್‌ನಲ್ಲಿ ಅವಳನ್ನು ಊರ ಶಾಲೆಗೆ ಸೇರಿಸಬೇಕೆಂದು ತಾಯಿಯ ಹಟ. ಮಧ್ಯಾಹ್ನ ಉಣಿಸುವವರು ಯಾರು ಎಂದು ಅಜ್ಜಿಯ ತಡೆಯಾಜ್ಞೆ. ಕೊನೆಗೆ ಫಾರಂ ಹೇಳಿದ ಹಾಗೆ ಆಗಲಿ ಎಂದು ಅತ್ತೆ ಸೊಸೆ ಒಪ್ಪಿದ್ದರು. ನ್ಯಾಯಾಧೀಶನ ಗಾಂಭೀರ್ಯದಿಂದ ನಾನು ಚಾಪೆಯ ಮೇಲೆ ಕುಳಿತು ಚೀಲದಿಂದ ಚಮಚ ತೆಗೆದೆ.

ಹುಡುಗಿ ಹಿಡಿದಳು. ಚಮಚ ಕಿವಿಯ ಪಕ್ಕ ಹಾದು ನೆಲಕ್ಕೆ ಬಿತ್ತು. ಎರಡನೇ ಸಲವೂ ಅದೇ ದಾರಿ.

"ಆಗಂಗಿಲ್ಲ ಅಂತ ಬರೀರಿ" ಎಂದರು ಅಜ್ಜಿ. ತಾಯಿ ಚಮಚ ಎತ್ತಿ ಒರೆಸಿದರು.

"ಮನೇಲಿ ಚಮಚದಲ್ಲಿ ಉಣ್ತಾಳಾ?" ಎಂದು ಕೇಳಿದೆ.

"ನಮ್ಮನ್ಯಾಗ ಚಮಚ ಇರೋದು ಸಕ್ರಿ ಡಬ್ಬಿಗೆ. ರೊಟ್ಟಿ ಮುರುದು ನಾನೇ ಬಾಯಿಗೆ ಇಡ್ತೀನ್ರೀ. ಒಂದಿನ ತಪ್ಪಿಲ್ಲ."

"ಹಾಗಾದ್ರೆ ಇವತ್ತು ಅವಳೇ ತಿನ್ನಲಿ."

"ಬಂದೋರಿಗೆ ಹಾಕ್ದೆ ಮನೆ ಹುಡ್ರಿಗೆ ಹಾಕ್ತಾರೇನ್ರೀ?"

ನನ್ನ ಮುಂದೆ ತಾಟು ಬಂತು: ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬೆಣ್ಣೆ ತರಲು ಅಜ್ಜಿ ಒಳಗೆ ಹೋದರು. ಅವರ ಸೆರಗು ಬಾಗಿಲು ದಾಟಿದ್ದೇ ತಡ, ಹುಡುಗಿ ತೆವಳಿ ಬಂದಳು. ಬಿಗಿದ ಎಡಮುಷ್ಟಿಯನ್ನು ನನ್ನ ರೊಟ್ಟಿಯ ಮೇಲೆ ಕಾಗದದ ಮೇಲೆ ಕಲ್ಲಿಟ್ಟಂತೆ ಊರಿ, ಬಲಗೈಯಿಂದ ಹರಿದು, ಚಟ್ನಿಗೆ ಒತ್ತಿ, ಸುತ್ತು ದಾರಿಯಲ್ಲೇ ಬಾಯಿಗೆ ತಲುಪಿಸಿದಳು. ಆಮೇಲೆ ಇನ್ನೊಂದು ತುಂಡು.

"ಅಯ್ಯಯ್ಯ! ಬಂದೋರ ತಾಟಿಗೆ ಕೈ ಹಾಕ್ತಾರೇನೇ, ಮಾನಗೇಡಿ!" ಅಜ್ಜಿ ಬೆಣ್ಣೆಯೊಂದಿಗೆ ಬಾಗಿಲಲ್ಲಿ ನಿಂತಿದ್ದರು.

"ಸುಮ್ನಿರಿ ಅಜ್ಜಿ, ಪರೀಕ್ಷೆ ನಡೀತಿದೆ."

ಒಂದು ರೊಟ್ಟಿ ಮುಗಿಯುವವರೆಗೂ ಅಜ್ಜಿ ಕದಲಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಯಾವಾಗ ಕಲ್ತಿ ಇದ್ನ?"

"ನೀ ಹೊಲಕ್ಕ ಹೋದಾಗ. ಅವ್ವ ಕಲ್ಸಿದ್ಲು."

ಸೊಸೆ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಅಜ್ಜಿ ಒಮ್ಮೆ ಅವರನ್ನು, ಒಮ್ಮೆ ಮೊಮ್ಮಗಳನ್ನು ನೋಡಿ, ನನಗೆಂದು ತಂದ ಬೆಣ್ಣೆಯನ್ನು ಮೊಮ್ಮಗಳ ಕಡೆಗೆ ಸರಿಸಿದರು.

ಫಾರಂನಲ್ಲಿ ರೊಟ್ಟಿಗೆ ಕಾಲಂ ಇರಲಿಲ್ಲ. ಚಮಚದ ಸಾಲಿನಲ್ಲಿ ಬರೆದೆ: "ಚಮಚ ಬಾರದು. ರೊಟ್ಟಿಯನ್ನು ಯಾರ ನೆರವೂ ಇಲ್ಲದೆ ತಿನ್ನುತ್ತಾಳೆ, ನನ್ನದನ್ನೂ."

ಹುಡುಗಿ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದಳು. ಮೊದಲ ವಾರ ಊಟದ ಹೊತ್ತಿಗೆ ಅಜ್ಜಿ ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದರು. ಎರಡನೇ ವಾರ ಬರಲಿಲ್ಲ.